ನಾಲ್ಕು ಊರಿಗೆ ಹಂಚಿದ ಕಾಯಿಲೆ

ಕೋವಿಡ್ ಗದ್ದಲ ಅಡಗಿ ಎರಡು ವರ್ಷವಾಗಿತ್ತು. ಮೂವತ್ತೊಂದು ವರ್ಷದ ಸರ್ಕಾರಿ ಸೇವೆ ಮುಗಿಸಿ ನಿವೃತ್ತಳಾದ ನಾನು, ಇವಳು ಮನೆಯಲ್ಲೇ ಕೂತರೆ ನಮಗೆಲ್ಲ ಕಾಟ ಎಂಬ ಮನೆಯವರ ಒಮ್ಮತದ ಅಭಿಪ್ರಾಯಕ್ಕೆ ತಲೆಬಾಗಿ ಶ್ರೀರಂಗಪಟ್ಟಣದ ಒಂದು ಸಣ್ಣ ಬೀದಿಯಲ್ಲಿ ಕ್ಲಿನಿಕ್ ತೆರೆದಿದ್ದೆ. ನಾನು ಓದಿದ್ದು ಜನರಲ್ ಮೆಡಿಸಿನ್. ಮೈಯ ಯಾವ ಭಾಗ ಕೆಟ್ಟರೂ ಮೊದಲು ನೋಡಬೇಕಾದವಳು ನಾನೇ, ಅದು ನನ್ನ ಕೈಮೀರಿದ್ದೋ ಅಲ್ಲವೋ ಎಂದು ತೀರ್ಮಾನಿಸಬೇಕಾದವಳೂ ನಾನೇ. ಕ್ಲಿನಿಕ್ಕೆಂದರೆ ಏನು ಮಹಾ, ಒಂದು ಹಜಾರ, ಎರಡು ಬೆಂಚು, ನನ್ನದೊಂದು ಕೋಣೆ, ಹಿಂದೆ ಒಂದು ಬಾತ್‌ರೂಮು, ಮತ್ತು ಸಿಸ್ಟರ್ ಜಯಮ್ಮ. ಜಯಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ನನ್ನ ಜೊತೆ ಏಗಿದವರು. ಅವರ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. ನನಗೋ, ಅವರು ಹೇಳುವುದನ್ನು ಪೂರ್ತಿ ಕೇಳುವ ತಾಳ್ಮೆ ಇಲ್ಲ. ಈ ಪ್ರಸಂಗದಲ್ಲಿ ಆದ ಅನಾಹುತದಲ್ಲಿ ಅರ್ಧ ಪಾಲು ಅಲ್ಲಿಂದಲೇ ಶುರುವಾಯಿತು.

ನನ್ನ ಮುಂಗೋಪದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುತ್ತಮುತ್ತಲ ಹಳ್ಳಿಗಳಲ್ಲಿ ನನಗೆ ‘ಬಯ್ಯೋ ಡಾಕ್ಟ್ರವ್ವ’ ಎಂದು ಹೆಸರು. ಬಯ್ದರೇನೇ ಔಷಧಿ ನಾಟುತ್ತದೆ ಎಂದು ನಂಬಿದವರು ಬರುತ್ತಿದ್ದರು, ಬಯ್ಸಿಕೊಳ್ಳಲಾರದವರು ಬೇರೆ ಕಡೆ ಹೋಗುತ್ತಿದ್ದರು. ಇದರಿಂದ ಇಬ್ಬರಿಗೂ ಅನುಕೂಲ ಎಂದುಕೊಂಡಿದ್ದೆ.

ಯುಗಾದಿ ಕಳೆದು ಒಂದು ವಾರಕ್ಕೆ ಕಿರಂಗೂರಿನಿಂದ ನಾಗಲಿಂಗಾಚಾರ್ರು ಬಂದರು. ನಲವತ್ತಾರು ವರ್ಷ, ಚಿನ್ನದ ಕೆಲಸ. ಊರ ತುಂಬ ಗಾಜಿನ ಶೋಕೇಸಿನ ಅಂಗಡಿಗಳು ಬಂದಿದ್ದರೂ ತಾಳಿ ಮಾತ್ರ ಮನೆಯ ಆಚಾರ್ರ ಕೈಯಲ್ಲೇ ಆಗಬೇಕು ಎನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಥ ಮನೆಗಳ ತಾಳಿಯನ್ನೆಲ್ಲ ಮಾಡುತ್ತಿದ್ದವರು ಇವರು. ಎರಡು ಮಂಡಿ, ಒಂದು ಕಾಲಿನ ಹರಡು ಊದಿಕೊಂಡಿದ್ದವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಕಾಲು ಮಡಿಸಲು ಬರುವುದಿಲ್ಲ ಎಂದರು. ಅಗ್ಗಿಷ್ಟಿಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡುವ ಮನುಷ್ಯನಿಗೆ ಅದು ಎಂಥ ಕಷ್ಟ ಎಂದು ವಿವರಿಸಬೇಕಾಗಿಲ್ಲ.

“ಊಟ, ನಿದ್ದೆ, ಹೊಟ್ಟೆ ಎಲ್ಲ ಸರಿಯಾಗಿದೆಯೇನ್ರೀ?” ಎಂದು ತಲೆಯೆತ್ತದೆ, ಬರೆಯುತ್ತಲೇ ಕೇಳಿದೆ.

“ವೈನಾಗದೆ ಅಮ್ಮಾರೆ” ಎಂದರು.

ನಾನು ‘ಬವೆಲ್ಸ್ ನಾರ್ಮಲ್’, ಎಂದರೆ ಮಲವಿಸರ್ಜನೆ ಸರಿಯಾಗಿದೆ ಎಂದು ಬರೆದೆ. ಆ ಎರಡು ಪದಗಳನ್ನು ಈಗ ನೋಡಿದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ. ರಕ್ತಪರೀಕ್ಷೆ ಮಾಡಿಸಿದೆ. ಕೀಲುವಾತ ಇದ್ದರೆ ಸಾಮಾನ್ಯವಾಗಿ ಪಾಸಿಟಿವ್ ಬರುವ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್. ಯೂರಿಕ್ ಆಸಿಡ್ ಸರಿಯಾಗಿತ್ತು. ಸಿ.ಆರ್.ಪಿ. ಮಾತ್ರ ಆರರೊಳಗೆ ಇರಬೇಕಾದದ್ದು ಐವತ್ತೆಂಟು ಇತ್ತು. ಈ ಸಿ.ಆರ್.ಪಿ. ಎಂಬುದು ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದು ಕೂಗಿ ಹೇಳುವ ಪರೀಕ್ಷೆ. ಎಲ್ಲಿ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಮಂಡಿ ಕಣ್ಣೆದುರಿಗೇ ಊದಿಕೊಂಡು ಕೂತಿರುವಾಗ ಬೇರೆಲ್ಲಿ ಹುಡುಕುವುದು ಎಂದು ನೋವಿನ ಮಾತ್ರೆ ಬರೆದುಕೊಟ್ಟೆ.

ತಿಂಗಳಿಗೆ ಮತ್ತೆ ಬಂದರು. ಮಾತ್ರೆ ತಿಂದಾಗ ಎರಡು ದಿನ ವಾಸಿ, ಆಮೇಲೆ ಅದೇ ಕಥೆ. ತೂಕ ಮೂರು ಕೆ.ಜಿ. ಇಳಿದಿತ್ತು. ಹಿಮೊಗ್ಲೋಬಿನ್ ಒಂಬತ್ತಕ್ಕೆ ಬಂದಿತ್ತು. ಸರಿಯಾಗಿ ಉಣ್ಣುವುದಿಲ್ಲ, ಹೊತ್ತು ಹೊತ್ತಿಗೆ ಕಾಫಿ ಕುಡಿದುಕೊಂಡು ಬೆಂಕಿ ಮುಂದೆ ಕೂರುತ್ತೀರಿ ಎಂದು ಚೆನ್ನಾಗಿ ಬಯ್ದೆ. ಪಾಪ, ತಲೆ ಬಗ್ಗಿಸಿಕೊಂಡು ಬಯ್ಸಿಕೊಂಡರು. ಮಾತ್ರೆಯ ಡೋಸು ಹೆಚ್ಚಿಸಿ ಕಳಿಸಿದೆ.

ಅವರು ಹೋದ ಮೇಲೆ ಜಯಮ್ಮ ಬಂದು, “ಮೇಡಂ, ಈ ಆಚಾರ್ರು ಯಾವಾಗ್ಲೂ ಬಾತ್‌ರೂಮಿನ ಪಕ್ಕದ ಬೆಂಚಲ್ಲೇ ಕೂರ್ತಾರೆ. ಅವರು ಬಂದು ಹೋದ್ರೆ ಬಕೆಟ್ ನೀರು ಖಾಲಿ” ಎಂದರು.

“ನೀರು ಖಾಲಿಯಾದರೆ ತುಂಬಿಸಿ ಜಯಮ್ಮ, ಅದನ್ನೂ ನನಗೆ ಹೇಳಬೇಕಾ?” ಎಂದು ಅವರಿಗೂ ಬಯ್ದೆ. ಅವರು ಬಕೆಟ್ ತುಂಬಿಸಿದರು.

ಆಷಾಢ ಬಂತು. ನಮ್ಮಲ್ಲಿ ಆಷಾಢದಲ್ಲಿ ಮದುವೆ ಇಲ್ಲ, ಶ್ರಾವಣದ ಮದುವೆಗಳಿಗೆ ಒಡವೆ ಮಾಡಿಸುವ ಕಾಲ ಅದು. ಒಂದು ಗುರುವಾರ ಅರಕೆರೆಯ ಚಿಕ್ಕೇಗೌಡರು ಬಿ.ಪಿ. ತೋರಿಸಲು ಬಂದರು. ಅರವತ್ತೈದು ವರ್ಷದ ಗಟ್ಟಿ ಆಸಾಮಿ, ಗದ್ದೆ ಕಬ್ಬು ಎಲ್ಲ ಇರುವ ಕುಳ. ಬಿ.ಪಿ. ನೂರ ಎಂಬತ್ತು ಮುಟ್ಟಿತ್ತು. ಉಪ್ಪು ಬಿಟ್ಟಿಲ್ಲವಾ ಎಂದು ನಾನು ಶುರು ಮಾಡುವುದರೊಳಗೆ ಅವರೇ ಶುರು ಮಾಡಿದರು.

“ಉಪ್ಪಲ್ಲ ಕಣ್ ತಾಯಿ, ಆ ಕಿರಂಗೂರು ಆಚಾರಿ. ನಮ್ಮವ್ವನ ಕಾಸಿನ ಸರ ಕರಗ್ಸಿ ಮಗಳಿಗೆ ಚೈನು, ಬಳೆ ಮಾಡ್ಕೊಡು ಅಂತ ಕೊಟ್ಟಿವ್ನಿ. ದಿನಾ ಎದುರ್ಗೇ ಕುಂತಿರ್ತೀನಿ.”

ಇದೊಂದು ಹಳೆಯ ಪದ್ಧತಿ. ಚಿನ್ನ ಕೊಟ್ಟವರು ಕೆಲಸ ಮುಗಿಯುವವರೆಗೂ ಅಕ್ಕಸಾಲಿಗರ ಎದುರಿಗೆ ಕೂತಿರುವುದು. ಎಲೆ ಅಡಿಕೆ ಹಾಕಿಕೊಂಡು, ಊರ ಸುದ್ದಿ ಮಾತಾಡಿಕೊಂಡು, ಕಣ್ಣು ಮಾತ್ರ ಮೂಸೆಯ ಮೇಲೆ ಇಟ್ಟಿರುವುದು. ಕೂತವರಿಗೂ ಅದು ಅನುಮಾನ ಅನ್ನಿಸುವುದಿಲ್ಲ, ಎದುರಿಗಿರುವವರಿಗೂ ಅವಮಾನ ಅನ್ನಿಸುವುದಿಲ್ಲ. ಎಲ್ಲ ಸರಿಯಾಗಿರುವ ತನಕ.

“ಕೆಲ್ಸ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ಎದ್ದು ಒಳಕ್ಕೋಯ್ತಾನೆ ತಾಯಿ. ಒಂದೊತ್ತಿಗೆ ನಾಕು ಸಲ, ಐದು ಸಲ. ಯಾಕ್ಲಾ ಅಂದ್ರೆ ಮಂಡಿ ಇಡ್ಕಂಡದೆ, ಕಾಲಾಡುಸ್ಕಂಡು ಬತ್ತೀನಿ ಅಂತಾನೆ. ಮಂಡಿ ಇಡ್ಕಂಡೋನು ಅಂಗೆ ಓಡಕಾದದಾ? ನೀವೇ ಯೋಳಿ, ನೀವು ಡಾಕ್ಟ್ರು!”

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

ಮೂವತ್ತೊಂದು ವರ್ಷ ಸರ್ವಿಸು ಮಾಡಿದ ಎಂ.ಡಿ. ಡಾಕ್ಟರಿಗೆ ಹೊಳೆಯದ್ದನ್ನು ಬಿ.ಪಿ. ಏರಿಸಿಕೊಂಡು ಕೂತಿದ್ದ ಗೌಡರು ಕಂಡುಹಿಡಿದಿದ್ದರು. ಮಂಡಿ ಊದಿದವನು ಓಡುತ್ತಾನೆ ಎಂದರೆ ಓಡಿಸುವಂಥದ್ದು ಇನ್ನೇನೋ ಇದೆ. ಬಾತ್‌ರೂಮಿನ ಪಕ್ಕದ ಬೆಂಚು, ಖಾಲಿ ಬಕೆಟ್ಟು, ಇಳಿದ ತೂಕ, ಇಳಿದ ರಕ್ತ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು.

“ಈ ಭಾನುವಾರ ನಾಕು ಜನ ದೊಡ್ಡೋರ್ನ ಸೇರ್ಸಿ ತೂಕ ಹಾಕ್ಸ್ತೀನಿ. ಒಂದು ಗುಂಜಿ ಕಮ್ಮಿ ಬರ್ಲಿ, ಈ ತಾಲ್ಲೂಕ್ನಾಗೆ ಅವ್ನ ಕೈಗೆ ಯಾರೂ ಚಿನ್ನ ಕೊಡ್ಬಾರ್ದು, ಅಂಗ್ಮಾಡ್ತೀನಿ” ಎಂದು ಗೌಡರು ಎದ್ದರು. ತೂಕ ಸರಿ ಬಂದರೂ ಅಂಥ ಪಂಚಾಯ್ತಿಯ ಮುಂದೆ ಒಮ್ಮೆ ನಿಂತ ಅಕ್ಕಸಾಲಿಗರ ಹೆಸರು ಮತ್ತೆ ನೆಟ್ಟಗಾಗುವುದು ಕಷ್ಟ. ನನಗೆ ಗೊತ್ತಾಗಿದ್ದನ್ನು ಹೇಳಿದ್ದರೆ ಗೌಡರು ಅಲ್ಲೇ ತಣ್ಣಗಾಗುತ್ತಿದ್ದರು. ಆದರೆ ಒಬ್ಬ ರೋಗಿಯ ವಿಷಯ ಇನ್ನೊಬ್ಬ ರೋಗಿಗೆ ಹೇಳುವಂತಿಲ್ಲ, ಅದು ನಮ್ಮ ವೃತ್ತಿಯ ಮೊದಲ ಕಟ್ಟಳೆ. ಉಪ್ಪು ಕಮ್ಮಿ ಮಾಡಿ ಎಂದಷ್ಟೇ ಹೇಳಿ ಕಳಿಸಿದೆ.

ಅವತ್ತೇ ಆಚಾರ್ರ ಮನೆಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬರಬೇಕು, ಮನೆಯಲ್ಲಿರುವ ಡಾಕ್ಟರ ಚೀಟಿಗಳನ್ನೆಲ್ಲ ತರಬೇಕು ಎಂದೆ. ಶುಕ್ರವಾರ ಬಂದರು. ಹೆಂಡತಿ ಕಮಲಮ್ಮ ಒಂದು ವೈರ್ ಬ್ಯಾಗನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ನನ್ನ ಫೈಲಿನ ಜೊತೆ ಇನ್ನೂ ಮೂರು ಫೈಲು ಬಿದ್ದವು.

ಒಂದು ಪಾಂಡವಪುರದ ಕಣ್ಣಿನ ಡಾಕ್ಟರದು: ಆಗಾಗ ಕಣ್ಣು ಕೆಂಪಗಾಗಿ ನೋಯುತ್ತದೆ. ಇನ್ನೊಂದು ಕೆ.ಆರ್. ಪೇಟೆಯ ಚರ್ಮದ ಡಾಕ್ಟರದು: ಮೊಣಕಾಲಿನ ಕೆಳಗೆ ಕೆಂಪು ಗಂಟುಗಳು, ಮುಟ್ಟಿದರೆ ನೋವು. ಮೂರನೆಯದು ನಾಗಮಂಗಲದ್ದು. ಅದರ ಮೇಲೆ ‘ರಾಜಣ್ಣ, ಶೀಳನೆರೆ’ ಎಂದು ಬರೆದಿತ್ತು.

“ಈ ರಾಜಣ್ಣ ಯಾರ್ರೀ? ಯಾರದೋ ಫೈಲು ತಂದಿದೀರಲ್ಲ” ಎಂದೆ.

ಆಚಾರ್ರು ಗೋಡೆ ನೋಡುತ್ತಾ, “ನಾನೇ ಅಮ್ಮಾರೆ” ಎಂದರು.

“ರಾಜಣ್ಣ ನನ್ ತಮ್ಮ. ಶೀಳನೆರೇಲಿ ಅವ್ನೆ, ಕಲ್ಲುಗುಂಡಿನಂಗೆ ಅವ್ನೆ. ಅವನ್ಗೇನೂ ಇಲ್ಲ” ಎಂದರು ಕಮಲಮ್ಮ, ತಮ್ಮನ ಮರ್ಯಾದೆ ಕಾಪಾಡುವವರಂತೆ.

ರಾಜಣ್ಣನ ಫೈಲಿನಲ್ಲಿ ಇದ್ದದ್ದು ಇದು: ಒಂಬತ್ತು ತಿಂಗಳಿಂದ ಭೇದಿ, ದಿನಕ್ಕೆ ಏಳೆಂಟು ಸಲ, ಲೋಳೆ, ಕೆಲವೊಮ್ಮೆ ರಕ್ತ, ಬಂತೆಂದರೆ ತಡೆಯಲಾಗದು. ಅಲ್ಲಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಹೋಗಿ ಕರುಳು ತೋರಿಸಿ ಎಂದು ಎರಡು ಸಲ ಬರೆದಿದ್ದರು. ಶೀಳನೆರೆಯ ರಾಜಣ್ಣ ಹೋಗಿರಲಿಲ್ಲ.

“ಆ ಹೊಟ್ಟೆ ಇಟ್ಟುಕೊಂಡು ನಾಗಮಂಗಲದವರೆಗೆ ಬಸ್ಸಲ್ಲಿ ಹೋದಿರಾ?”

“ದಾರೀಲಿ ಮೂರು ಕಡೆ ಇಳ್ಕಂಡು ಇಳ್ಕಂಡು ಓಗಿದ್ದೆ ಅಮ್ಮಾರೆ. ಮೂರು ಬಸ್ಸು ಬದ್ಲಾಯ್ಸ್ದೆ. ಅಲ್ಲಾದ್ರೆ ನನ್ನ ಕಂಡೋರು ಯಾರೂ ಇಲ್ಲ.”

“ಇದನ್ನ ನನಗೆ ಯಾಕ್ರೀ ಹೇಳಲಿಲ್ಲ? ಮೂರು ತಿಂಗಳಿಂದ ಎದುರಿಗೆ ಕೂತಿದೀರಲ್ಲ!”

“ನೀವು ಮಂಡಿ ನೋಡೋರು ಅಂತ... ಒಬ್ರತ್ರನೇ ಎಲ್ಲಾ ತಕ್ಕೊಂಡೋಗಿ ಸುರುದ್ರೆ ಅವ್ರಿಗೂ ಬೇಜಾರು. ಕಣ್ಣಿನ ಡಾಕ್ಟ್ರಿಗೆ ಕಾಲಿನ ವಿಷ್ಯ ಯೋಳಿದ್ರೆ, ನಾನೇನು ಕಾಲಿನ ಡಾಕ್ಟ್ರಾ ಅಂದ್ಬುಟ್ರೆ? ಅದುಕ್ಕೇ ಒಂದೊಂದೂರ್ಗೆ ಒಂದೊಂದು ಅಂತ ಮಡಗಿದ್ದೆ.”

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನಾಲ್ಕು ತಾಲ್ಲೂಕಿನ ನಾಲ್ವರು ಡಾಕ್ಟರು ಒಂದೇ ಕಾಯಿಲೆಯ ಒಂದೊಂದು ತುಂಡು ಹಿಡಿದುಕೊಂಡು ಕೂತಿದ್ದೆವು. ಕಾಯಿಲೆಯನ್ನು ಹೀಗೆ ಯಾರಿಗೂ ಭಾರವಾಗದಂತೆ, ಯಾರಿಗೂ ಬೇಜಾರಾಗದಂತೆ ಹಂಚಿದ ಸಂಭಾವಿತನನ್ನು ನಾನು ಮತ್ತೆ ಕಂಡಿಲ್ಲ.

ಓದುಗರಿಗಾಗಿ ಸ್ವಲ್ಪ ವಿವರ. ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಬಹಳ ತೆಳುವಾದ ಒಳಪೊರೆ. ಅದರ ಬೆನ್ನಿಗೇ ದೇಹದ ರಕ್ಷಣಾ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಕಾವಲಿರುತ್ತವೆ. ಕೆಲವರಲ್ಲಿ, ಯಾಕೆಂದು ಇನ್ನೂ ಪೂರ್ತಿ ತಿಳಿಯದ ಕಾರಣಕ್ಕೆ, ಈ ಕಾವಲು ಕೆರಳಿ ಕರುಳಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ಹುಣ್ಣಾಗುತ್ತದೆ, ರಕ್ತ ಬರುತ್ತದೆ. ಅಲ್ಲಿ ಕೆರಳಿದ್ದು ಅಲ್ಲೇ ನಿಲ್ಲದೆ ರಕ್ತದ ಮೂಲಕ ಕೀಲಿಗೆ, ಕಣ್ಣಿಗೆ, ಚರ್ಮಕ್ಕೆ ಹೋಗಿ ಅಲ್ಲೂ ಉರಿಯೂತ ಎಬ್ಬಿಸಬಹುದು. ಹಾಗೆಂದು ಎಲ್ಲ ಮಂಡಿನೋವಿಗೂ ಹೊಟ್ಟೆಯೇ ಕಾರಣ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ಹೆಚ್ಚಿನವರ ಮಂಡಿ ಮಂಡಿಯ ಕಾರಣಕ್ಕೇ ನೋಯುತ್ತದೆ.

ಆಚಾರ್ರಿಗೆ ನಾಲೆಯ ಲೆಕ್ಕದಲ್ಲಿ ಹೇಳಿದೆ. ಮೇಲೆ ನಾಲೆಯ ಏರಿ ಒಡೆದಿದೆ, ನೀರು ನಾಲ್ಕು ಗದ್ದೆಗೂ ನುಗ್ಗಿದೆ, ನಾವು ನಾಲ್ವರು ನಮ್ಮ ನಮ್ಮ ಗದ್ದೆಯ ನೀರು ಎತ್ತಿಹಾಕುತ್ತಾ ಕೂತಿದ್ದೇವೆ, ಏರಿ ಕಟ್ಟಲು ಯಾರೂ ಹೋಗಿಲ್ಲ ಎಂದೆ. ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಅದನ್ನೂ ಹೇಳಿದೆ. ನಾನು ಕೊಟ್ಟ ನೋವಿನ ಮಾತ್ರೆ ಇಂಥ ಕರುಳಿಗೆ ಆಗಿಬರುವುದಿಲ್ಲ. ಡೋಸು ಹೆಚ್ಚಿಸಿ ನಾನೇ ಬೆಂಕಿಗೆ ತುಪ್ಪ ಸುರಿದಿದ್ದೆ. ಅಷ್ಟು ಜನರಿಗೆ ಬಯ್ದ ಬಾಯಿಗೆ ಅವತ್ತು ತಪ್ಪಾಯಿತು ಎನ್ನುವುದು ಕಷ್ಟವಾಯಿತು. ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು.

“ಬುಡಿ ಅಮ್ಮಾರೆ, ನಾನು ಯೋಳಿದ್ರೆ ತಾನೇ ನಿಮ್ಗೆ ಗೊತ್ತಾಗದು” ಎಂದು ಅವರೇ ನನಗೆ ಸಮಾಧಾನ ಹೇಳಿದರು.

“ಭಾನುವಾರ ಗೌಡ್ರು ಪಂಚಾಯ್ತಿ ಸೇರಿಸ್ತಾರಂತೆ, ಗೊತ್ತಾ? ಇದೇ ಕಾರಣ ಅಂತ ನೀವೇ ಅವರಿಗೆ ಹೇಳಿಬಿಡಿ, ಮುಗೀತು” ಎಂದೆ.

ಆಚಾರ್ರು ತಲೆ ಅಲ್ಲಾಡಿಸಿದರು. “ಕಳ್ಳ ಅಂದ್ರೆ ತಕ್ಕಡೀಲಿ ಹಾಕಿ ತೋರುಸ್ಬೋದು. ಇದ್ನ ಏನ್ರಲ್ಲಿ ಹಾಕಿ ತೋರುಸ್ಲಿ? ತಾಳಿ ಅಂದ್ರೆ ಮಡಿ ಅಮ್ಮಾರೆ. ಮಿಂದು, ದೇವ್ರಿಗೆ ಕೈ ಮುಗ್ದು ಕುಂತ್ಕಬೇಕು. ದಿನಕ್ಕೆ ಎಂಟು ಸಲ ಚೆಂಬು ಇಡ್ಕಂಡು ಓಗೋನು ಮಾಡಿದ ತಾಳಿ ಅಂತ ಗೊತ್ತಾದ್ರೆ, ಯಾರು ಕಟ್ಕತಾರೆ? ನಮ್ತಾತನ ಕಾಲದಿಂದ ಮಾಡ್ಕಂಡು ಬಂದಿರೋ ಕೆಲ್ಸ.”

ಆಗ ನನಗೆ ಇವರ ಇಕ್ಕಟ್ಟು ಪೂರ್ತಿ ಅರ್ಥವಾಯಿತು. ಬಾಯಿ ಮುಚ್ಚಿಕೊಂಡರೆ ಕಳ್ಳ. ಬಾಯಿ ಬಿಟ್ಟರೆ ಮೈಲಿಗೆ. ಎರಡರಲ್ಲಿ ಯಾವುದಾದರೂ ಕೆಲಸ ಹೋಗುತ್ತದೆ. ಅದಕ್ಕೆ ನನ್ನ ಬಳಿ ಔಷಧಿ ಇರಲಿಲ್ಲ. ಇದ್ದ ಪರೀಕ್ಷೆಯನ್ನಾದರೂ ಮಾಡೋಣ ಎಂದು ಲ್ಯಾಬಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು, ನಾಳೆ ಬೆಳಗಿನ ಮಲ ತನ್ನಿ ಎಂದೆ. ಸೋಂಕು ಇದೆಯೋ, ಕರುಳಿನ ಉರಿಯೂತವೋ ಎಂದು ತಿಳಿಯಲು ಅದು ಬೇಕು. ಆಚಾರ್ರು ಆ ಡಬ್ಬಿಯನ್ನು ಯಾರದೋ ವಜ್ರದ ಓಲೆ ಇಸಿದುಕೊಂಡಂತೆ ಎರಡು ಬೆರಳಲ್ಲಿ ಇಸಿದುಕೊಂಡರು.

ಶನಿವಾರ ಬೆಳಿಗ್ಗೆ ಹಜಾರದಲ್ಲಿ ಒಂಬತ್ತು ಜನ ಇದ್ದರು. ನಾನು ಒಳಗೆ ಒಬ್ಬರ ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದೆ. ಹೊರಗೆ ಏನಾಯಿತೆಂದು ಜಯಮ್ಮ ಆಮೇಲೆ ಹೇಳಿದ್ದು ಹೀಗೆ. ಆಚಾರ್ರು ಹೆಂಡತಿಯ ಜೊತೆ ಬಂದರು. ಅತ್ತಿತ್ತ ನೋಡಿ, ಅಂಗಿಯೊಳಗಿಂದ ಒಂದು ಪೊಟ್ಟಣ ತೆಗೆದು ಜಯಮ್ಮನ ಕೈಗಿಟ್ಟರು. ಬಸ್ಸಿನಲ್ಲಿ ಯಾರಿಗೂ ಅನುಮಾನ ಬರಬಾರದೆಂದು ಡಬ್ಬಿಯನ್ನು ಬಳೆ ಇಡುವ ಕೆಂಪು ಪೆಟ್ಟಿಗೆಯಲ್ಲಿಟ್ಟು, ಒಡವೆ ಸುತ್ತುವ ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಅಂದವಾಗಿ ಸುತ್ತಿ, ದಾರ ಕಟ್ಟಿದ್ದರು. ಕೈಗೆ ಬಂದ ಅಭ್ಯಾಸ ಎಲ್ಲಿ ಹೋಗುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕೇಗೌಡರು. ಬೆಳಿಗ್ಗೆ ಎಂದಿನಂತೆ ಎದುರಿಗೆ ಕೂರಲು ಕಿರಂಗೂರಿಗೆ ಹೋಗಿದ್ದಾರೆ. ಆಚಾರ್ರು ಗುಲಾಬಿ ಪೊಟ್ಟಣ ಅಂಗಿಯೊಳಗೆ ತೂರಿಸಿಕೊಂಡು ಬಸ್ಸು ಹತ್ತುವುದನ್ನು ಕಂಡಿದ್ದಾರೆ. ಹಿಂದಿನ ಬಾಗಿಲಿಂದ ತಾವೂ ಹತ್ತಿದ್ದಾರೆ.

“ಸಿಕ್ಬಿದ್ದೆ ಕಣ್ಲಾ ಆಚಾರಿ!” ಎಂಬ ಕೂಗು ಕೇಳಿ ನಾನು ಸ್ಟೆತಾಸ್ಕೋಪ್ ಕೊರಳಲ್ಲೇ ಇಟ್ಟುಕೊಂಡು ಹೊರಗೆ ಬಂದೆ. ಜಯಮ್ಮ ಪೊಟ್ಟಣವನ್ನು ಎದೆಗವಚಿಕೊಂಡಿದ್ದರು. ಒಳಗೇನಿದೆ ಎಂದು ನೆನಪಾಗಿ ಆಮೇಲೆ ಕೈಯುದ್ದ ದೂರ ಹಿಡಿದರು.

“ಗೌಡ್ರೇ, ಏನಿದು ಗಲಾಟೆ?” ಎಂದೆ.

“ಆ ಪೊಟ್ಣದಾಗೆ ಏನದೆ, ಮೊದ್ಲು ಅದ್ನ ಯೋಳಿ ತಾಯಿ.”

“ಅದು ಪೇಷೆಂಟಿನ ವಿಷಯ. ಹೇಳೋಕಾಗಲ್ಲ.”

ಕಟ್ಟಳೆ ಪ್ರಕಾರ ಸರಿಯಾದ ಉತ್ತರ. ಆದರೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ. ಗೌಡರ ಕಣ್ಣು ಅಗಲವಾದವು. “ಅಯ್ಯಯ್ಯಪ್ಪಾ! ಡಾಕ್ಟ್ರವ್ವನೂ ಸೇರ್ಕಂಡವ್ರಾ! ನಮ್ಮವ್ವನ ಸರ ಇಲ್ಲಿ ಬಂದು ಸೇರ್ತಾ ಅದೆ!” ಎಂದು ಹಜಾರದವರ ಕಡೆ ತಿರುಗಿದರು. ಒಂಬತ್ತು ಜನರೂ ನನ್ನನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಕದ್ದ ಮಾಲು ಇಟ್ಟುಕೊಳ್ಳುವವಳು ಎಂದಿರಲಿಲ್ಲ. ಬಯ್ಯೋಣವೆಂದು ಬಾಯಿ ತೆರೆದೆ.

ಆಗ ಅದುವರೆಗೂ ಗೋಡೆ ನೋಡುತ್ತಿದ್ದ ಆಚಾರ್ರು ತಿರುಗಿ ನಿಂತರು. “ಅಮ್ಮಾರ್ನ ಏನೂ ಅನ್ಬ್ಯಾಡಿ ಗೌಡ್ರೆ. ನನ್ನ ಏನಾರ ಅನ್ಕಳಿ. ಬಿಚ್ಚಿ, ನೋಡ್ಕಳಿ” ಎಂದರು. ಅವರು ಏನನ್ನು ಬಿಟ್ಟುಕೊಡುತ್ತಿದ್ದಾರೆಂದು ಕಮಲಮ್ಮನನ್ನು ಬಿಟ್ಟರೆ ನನಗೊಬ್ಬಳಿಗೆ ಗೊತ್ತಿತ್ತು. ಬೇಡಿ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಪೊಟ್ಟಣ ಗೌಡರ ಕೈಯಲ್ಲಿತ್ತು.

ಗೌಡರು ದಾರ ಕಿತ್ತರು. ಗುಲಾಬಿ ಕಾಗದ ಬಿಡಿಸಿದರು. ಕೆಂಪು ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಪ್ಲಾಸ್ಟಿಕ್ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

“ಅಲ್ಲಾಡಿಸ್ಬೇಡಿ ಗೌಡ್ರೆ, ಟೆಸ್ಟಿಗೆ ಬೇಕು” ಎಂದರು ಜಯಮ್ಮ.

“ಏನ್ಲಾ ಇದು?”

“ನಂದೇ” ಎಂದರು ಆಚಾರ್ರು.

ಗೌಡರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ, “ಇದ್ನ ಇಸ್ಕಳ್ರಪ್ಪೋ, ಯಾರಾದ್ರೂ ಇಸ್ಕಳ್ರೋ” ಎಂದು ಸುತ್ತ ತಿರುಗಿದರು. ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೇ ಹಿಂದಕ್ಕೆ ಸರಿದರು.

ಕಮಲಮ್ಮನ ಸಹನೆ ಅಲ್ಲಿಗೆ ಮುಗಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. “ನೋಡಿದ್ರಾ ಚಿನ್ನಾವ? ಕಣ್ತುಂಬ ನೋಡ್ಕಳಿ! ಒಂಬತ್ತು ತಿಂಗ್ಳಿಂದ ಒಟ್ಟೆ ಕೆಟ್ಟು ರಕ್ತ ಓಗ್ತಾ ಅದೆ ಈ ಮನುಸಂಗೆ. ಅದುಕ್ಕೆ ಕಣ್ರೀ ಒಳಕ್ಕೋಡದು! ಕದಿಯಕ್ಕಲ್ಲ! ತಾಳಿ ಮಾಡೋ ದಿನ ಒಂದೊಂದ್ ಸಲ ಓಗ್ಬಂದಾಗ್ಲೂ ತಲೆ ಮ್ಯಾಲೆ ತಣ್ಣೀರು ಹುಯ್ಕಂಡು, ಒದ್ದೆ ಪಂಚೇಲಿ ಬಂದು ಕುಂತ್ಕತಾರೆ. ಎಂಟು ಸಲ ಓದ್ರೆ ಎಂಟು ಸ್ನಾನ! ಬ್ಯಾಡ ಕಣ್ರೀ, ಸತ್ತೋಗ್ತೀರ ಅಂದ್ರೆ, ಎಣ್ಣುಮಗು ಕತ್ತಿಗೆ ಬೀಳೋ ತಾಳಿ ಕಣೆ, ಮಡಿ ಕೆಡುಸ್ಲಾ ಅಂತಾರೆ!” ಎನ್ನುತ್ತಾ ಅತ್ತುಬಿಟ್ಟರು.

ನನಗೂ ಇದು ಹೊಸ ಸುದ್ದಿ. ಕಣ್ಣು ತುಂಬಿ ಬಂತು. ಆಚಾರ್ರು ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದರು. ತಾತನ ಕಾಲದ ಕೆಲಸ ಅಲ್ಲಿಗೆ ಮುಗಿಯಿತೆಂದೇ ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದೆ.

ಸಕ್ಕರೆ ಕಾಯಿಲೆಗೆ ಪಾಂಡವಪುರದಿಂದ ಬರುತ್ತಿದ್ದ ನಿಂಗಮ್ಮಜ್ಜಿ ಕೋಲೂರಿಕೊಂಡು ಎದ್ದು ಅವರ ಮುಂದೆ ಬಂದು ನಿಂತಳು. “ಎಂಟ್ಸಲ ಮಿಂದು ತಾಳಿ ಮಾಡ್ತೀಯೇನಪ್ಪಾ?” ಎಂದಳು.

ಆಚಾರ್ರು ಮುಖ ಎತ್ತದೆ ಹೂಂ ಎಂದರು.

“ನಮ್ಮೂರ್ ಆಚಾರಿ ಒಂದ್ಸಲ ಮಿಂದ್ರೂ ಜಾಸ್ತಿ. ಶ್ರಾವಣಕ್ಕೆ ನನ್ನ ಮೊಮ್ಮಗಳ ಮದ್ವೆ ಅದೆ. ತಾಳಿ ನಿನ್ ಕೈನಾಗೇ ಆಗ್ಬೇಕು. ಇಲ್ಲಾ ಅನ್ಬ್ಯಾಡ ನನ್ನಪ್ಪ” ಎಂದಳು.

ಒಂಬತ್ತು ಜನರ ಹಜಾರದಲ್ಲಿ ಏನು ಬದಲಾಯಿತೆಂದು ನಾನು ಹೇಗೆ ಹೇಳಲಿ? ಹೌದು ಹೌದು ಎಂದು ಒಬ್ಬರು, ಅದೇ ಮಡಿ ಅಂದ್ರೆ ಎಂದು ಇನ್ನೊಬ್ಬರು. ಗೌಡರು ಡಬ್ಬಿಯನ್ನು ಕಡೆಗೂ ಜಯಮ್ಮನಿಗೆ ದಾಟಿಸಿ, ಮೂರು ಸಲ ಸೋಪು ಹಾಕಿ ಕೈ ತೊಳೆದು, ಆಚಾರ್ರ ಪಕ್ಕದಲ್ಲಿ ಬಂದು ಕೂತರು. “ತಪ್ಪಾಯ್ತು ಆಚಾರ್ರೆ. ಭಾನುವಾರದ್ದು ಏನೂ ಬ್ಯಾಡ, ಬುಟ್ಬುಡಿ” ಎಂದರು. ಅದುವರೆಗೆ ಲಾ ಎನ್ನುತ್ತಿದ್ದ ಬಾಯಿ ಅದು.

“ಬುಡಕ್ಕಾಯ್ತದಾ? ನಾಕು ಜನದ ಮುಂದೇನೇ ತೂಗ್ಬೇಕು” ಎಂದರು ಆಚಾರ್ರು. ಭಾನುವಾರ ತೂಗಿದರಂತೆ. ಒಂದು ಗುಂಜಿ ಆಚೀಚೆ ಇರಲಿಲ್ಲ. ನಡುವೆ ಎರಡು ಸಲ ಆಚಾರ್ರು ಎದ್ದರಂತೆ. ನಾಲ್ವರು ದೊಡ್ಡವರೂ ತಕ್ಕಡಿ ಕೆಳಗಿಟ್ಟು, ನಿಧಾನಕ್ಕೆ ಹೋಗಿಬನ್ನಿ ಎಂದು ಕಾದರಂತೆ.

ಅವತ್ತು ಕ್ಲಿನಿಕ್ಕಿನಲ್ಲಿ ಆದದ್ದು ಇನ್ನೊಂದಿದೆ. ಬಿ.ಪಿ., ಸಕ್ಕರೆ, ಕೆಮ್ಮು ಎಂದು ಬಂದಿದ್ದ ಒಂಬತ್ತು ಜನರಲ್ಲಿ ಆರು ಮಂದಿ ಒಳಗೆ ಬಂದು ಕೂತ ಮೇಲೆ, ಸಂಕೋಚವಿಲ್ಲದೆ ಹೊಟ್ಟೆಯ ಸಮಾಚಾರ ಬಿಚ್ಚಿದರು. ಅಷ್ಟು ಕೇಳಿದ ಮೇಲೆ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮಲದ ವರದಿಯಲ್ಲಿ ಸೋಂಕು ಇರಲಿಲ್ಲ, ಕರುಳಿನ ಉರಿಯೂತ ತೋರಿಸುವ ಅಂಶ ತುಂಬ ಹೆಚ್ಚಿತ್ತು. ಮೈಸೂರಿನಲ್ಲಿ ಕೊಲೊನೋಸ್ಕೋಪಿ ಆಯಿತು, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವುದು. ಅಲ್ಸರೇಟಿವ್ ಕೊಲೈಟಿಸ್ ಎಂದು ಖಚಿತವಾಯಿತು. ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣಾಗುವ, ವರ್ಷಗಟ್ಟಲೆ ಔಷಧಿ ಬೇಕಾಗುವ ಕಾಯಿಲೆ. ನೋವಿನ ಮಾತ್ರೆ ನಿಲ್ಲಿಸಿ, ಕರುಳಿನ ಔಷಧಿ ಶುರುವಾಯಿತು. ನಾಲ್ಕೂ ಊರಿನ ಫೈಲುಗಳನ್ನು ಜಯಮ್ಮ ಒಂದೇ ದಾರದಲ್ಲಿ ಕಟ್ಟಿದರು. ‘ರಾಜಣ್ಣ’ ಎಂಬುದನ್ನು ಹೊಡೆದು ಸರಿಯಾದ ಹೆಸರು ಬರೆದರು. “ಮುದ್ದೆ ಬುಡ್ಬೇಕಾ ಅಮ್ಮಾರೆ?” ಎಂದು ಆಚಾರ್ರು ಮರಣದಂಡನೆಯ ತೀರ್ಪು ಕೇಳುವವರಂತೆ ಕೇಳಿದರು. ಈಗ ಕೆಲವು ವಾರ ಮೆತ್ತಗಿನ ಅನ್ನ, ಆಮೇಲೆ ಮುದ್ದೆ ಎಂದೆ. ಬದುಕಿದೆ ಎಂದರು.

ಮೂರು ತಿಂಗಳಲ್ಲಿ ಸಿ.ಆರ್.ಪಿ. ಐವತ್ತೆಂಟರಿಂದ ಐದಕ್ಕೆ ಬಂತು. ಹೊಟ್ಟೆ ತಣ್ಣಗಾದಂತೆ ಮಂಡಿಯ ಊತ ಇಳಿಯಿತು, ಕಣ್ಣು ಬಿಳಿಯಾಯಿತು, ಕಾಲಿನ ಗಂಟು ಕರಗಿತು. ಮಂಡಿಗೆಂದು ನಾನು ಬೇರೆ ಏನನ್ನೂ ಕೊಡಲಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ದಿನ ಆಚಾರ್ರು ಬಂದರು. ಮೈ ತುಂಬಿಕೊಂಡಿದ್ದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದರು. ಆದರೆ ಮೂಗು ಕೆಂಪಗೆ ಊದಿ, ಒಂದೇ ಸಮನೆ ಸೀನುತ್ತಿದ್ದರು.

“ಮತ್ತೇನಾಯ್ತ್ರೀ?”

“ಒಟ್ಟೆ ವೈನಾಗದೆ ಅಮ್ಮಾರೆ. ದಿನುಕ್ಕೆ ಒಂದೇ ಸಲ” ಎಂದು ಕೇಳುವ ಮೊದಲೇ ವರದಿ ಒಪ್ಪಿಸಿದರು. “ಆ ನಿಂಗಮ್ಮಜ್ಜಿ ಎಲ್ಲಾ ಕಡೆ ಯೋಳ್ಕಂಡು ಬಂದವ್ಳೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲಾ ಕಡೆಯಿಂದ ಬತ್ತಾವ್ರೆ. ಎಂಟು ಸ್ನಾನದ ತಾಳೀನೇ ಬೇಕು ಅಂತಾರೆ. ಎದುರ್ಗೇ ಕುಂತ್ಕಂಡು ಎಣುಸ್ತಾರೆ ಅಮ್ಮಾರೆ! ಇನ್ನೂ ಆರೇ ಆಯ್ತು, ಏಳಿ ಏಳಿ ಅಂತಾರೆ. ಈ ಚಳೀಲಿ... ನೆಗ್ಡಿಗೆ ಏನಾರ ಕೊಡಿ.”

ನಗುತ್ತಲೇ ನೆಗಡಿಯ ಮಾತ್ರೆ ಬರೆದೆ. ಬಿಸಿನೀರು ಬಳಸಿ ಎಂದೆ. ಬಿಸಿನೀರಿಗೆ ಮಡಿ ನಡೆಯುತ್ತದೋ ಇಲ್ಲವೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಜಯಮ್ಮ ನಡೆಯುತ್ತದೆ ಎಂದರು. ಜಯಮ್ಮ ಹೇಳಿದ್ದನ್ನು ನಾನೀಗ ಪೂರ್ತಿ ಕೇಳುತ್ತೇನೆ.

ಆಚಾರ್ರು ನನಗೆ ಸುಳ್ಳು ಹೇಳಿದರು ಎಂದು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ತನ್ನ ಕಸುಬು ಉಳಿಯಬೇಕಾದರೆ ಎಷ್ಟು ಹೇಳಬಹುದೋ ಅಷ್ಟನ್ನು ಹೇಳಿದ್ದರು. ರೋಗಿಗಳೆಲ್ಲ ಹಾಗೇ. ಉಳಿದದ್ದನ್ನು ಹೇಳಿದರೂ ಏನೂ ಕಳೆದುಕೊಳ್ಳುವುದಿಲ್ಲ ಎಂಬ ಧೈರ್ಯ ಅವರಿಗೆ ನಮ್ಮ ಮುಖ ನೋಡಿ ಬರಬೇಕು. ಬರೆಯುತ್ತಾ ಕೂತ ಡಾಕ್ಟರಿಗೆ ಮುಖವೇ ಇರುವುದಿಲ್ಲ. ಈಗ ಪೆನ್ನು ಮೇಜಿನ ಮೇಲಿಟ್ಟು, ಕಣ್ಣು ನೋಡಿ, ನಿನ್ನೆ ಎಷ್ಟು ಸಲ ಹೋಗಿದ್ರಿ ಎಂದು ಕೇಳುತ್ತೇನೆ. ಮಂಡಿ ಮುಟ್ಟುವುದು ಆಮೇಲೆ.